ಬೀಜ ಹೊರಗಿನದು, ಬೆವರು ನಮ್ಮದು; ವಿದ್ಯೆ ಯಾರ ಕೈಯಲ್ಲಿರಬೇಕು?

ಸರಕಾರದ ಹಣ ವೆಚ್ಚ ಮಾಡಿ ಯುವಕ ಯುವತಿಯರನ್ನು ಸಂಶೋಧನೆಗೆ ತಯಾರು ಮಾಡುವುದು, ಅವರನ್ನು ಪರದೇಶದ ಪ್ರಯೋಗಶಾಲೆಗಳಿಗೆ ಕಳಿಸುವುದು, ಅಲ್ಲಿಯ ಪಂಡಿತರನ್ನು ಇಲ್ಲಿಗೆ ಕರೆಸುವುದು, ಇವೆಲ್ಲ ದಿಲ್ಲಿ ಬೆಂಗಳೂರಿನ ದೊಡ್ಡವರ ವ್ಯವಹಾರವೆಂದು ನಮ್ಮಲ್ಲಿ ಬಹು ಜನ ತಿಳಿದಿದ್ದಾರೆ. ಜಿನ್ನಿನ ಧೂಳು ಕುಡಿದು ದುಡಿಯುವವನಿಗೂ ಲಕ್ಷ್ಮೇಶ್ವರದ ಸಂತೆಯಲ್ಲಿ ಅಂಗಡಿ ಹಚ್ಚುವವನಿಗೂ ಅದರ ಗೊಡವೆ ಏತಕ್ಕೆ ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಹಣ ಅವರದೇ ಆದ್ದರಿಂದ ಕೇಳಲೇಬೇಕು. ಸಬಕಾರ ಕೊಂಡಾಗ, ಬೆಂಕಿಪೆಟ್ಟಿಗೆ ಕೊಂಡಾಗ, ಬಸ್ಸು ಹತ್ತಿದಾಗ ನಾವು ಕೊಟ್ಟ ಕಾಸೇ ಕೂಡಿ ಬೊಕ್ಕಸವಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಎರೆ ಹೊಲದ ಹತ್ತಿ ಗಿಡದ ವಂಶಾವಳಿಯನ್ನೇ ತೆಗೆದು ನೋಡೋಣ. ಪರದೇಶದ ವಿದ್ಯೆ ನಮ್ಮ ನಾಡಿಗೆ ನಾಲ್ಕು ಸಲ ನಾಲ್ಕು ಬಗೆಯಾಗಿ ಬಂದದ್ದು ಅದರಲ್ಲಿ ಬರೆದಿದೆ. ಪ್ರತಿ ಸಲವೂ ಹಣ ಕೊಟ್ಟವರು ಯಾರು, ಫಲ ಉಂಡವರು ಯಾರು ಎಂಬುದನ್ನು ಲೆಕ್ಕ ಹಾಕಿದರೆ, ಇಂದು ನಾವು ಏನು ಕೇಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲನೆಯ ಸಲ ಬಂದದ್ದು ಕಂಪನಿ ಸರಕಾರದ ಕಾಲದಲ್ಲಿ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೇರಿಕದಿಂದ ಅನುಭವಸ್ಥ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಹಿಂದುಸ್ಥಾನಕ್ಕೆ ಕರೆತಂದಿತು. ಅವರ ಸಂಗಡ ಬೀಜ ಬಂತು, ಗರಗಸದ ಜಿನ್ನು ಬಂತು. ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದರು. ದೇಶದ ಬಹು ಕಡೆಗಳಲ್ಲಿ ಆ ಪ್ರಯೋಗ ಮಣ್ಣುಗೂಡಿತು. ಧಾರವಾಡ ಸೀಮೆಯ ರೈತರು ಮಾತ್ರ ನ್ಯೂ ಆರ್ಲಿಯನ್ಸ್ ಬೀಜವನ್ನು ತಮ್ಮ ಮಣ್ಣಿಗೆ ಒಗ್ಗಿಸಿಕೊಂಡರು. ಅದಕ್ಕೆ ಧಾರವಾಡ-ಅಮೇರಿಕನ್ ಹತ್ತಿ ಎಂಬ ಹೆಸರೇ ಬಿತ್ತು. ಆದರೆ ಕಂಪನಿಗೆ ಈ ಉಮೇದು ಹುಟ್ಟಿದ್ದು ನಮ್ಮ ರೈತನ ಮೇಲಿನ ಕನಿಕರದಿಂದಲ್ಲ. ಮ್ಯಾಂಚೆಸ್ಟರಿನ ಗಿರಣಿಗಳ ಯಂತ್ರಗಳಿಗೆ ನೀಳ ಎಳೆಯ ಹತ್ತಿ ಬೇಕಾಗಿತ್ತು. ಹತ್ತಿ ಅಲ್ಲಿಗೆ ಹೋಗಿ ಬಟ್ಟೆಯಾಗಿ ತಿರುಗಿ ಬಂದು ನಮ್ಮ ನೇಕಾರರ ಮಗ್ಗಗಳನ್ನೇ ನಿಲ್ಲಿಸಿತು. ಪರದೇಶದ ಸಹಕಾರ ಎಂಬ ಮಾತು ಕೇಳಲು ಚೆಂದ; ಅದರ ಲಗಾಮು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ಎರಡನೆಯ ಸಲದ ರೀತಿ ಬೇರೆ. 1923ರಲ್ಲಿ ಹತ್ತಿ ಕರದ ಕಾಯದೆ ಬಂತು. ಗಿರಣಿಗೆ ಹೋಗುವ, ಹಡಗು ಹತ್ತುವ ಪ್ರತಿಯೊಂದು ಬೇಲಿನ ಮೇಲೆ ಮೊದಲ ಮೂರು ವರ್ಷ ನಾಲ್ಕಾಣೆ, ಮುಂದೆ ಎರಡಾಣೆ ಕರ ಹಾಕಿದರು. ಒಂದು ಬೇಲೆಂದರೆ ನಾಲ್ಕು ನೂರು ಪೌಂಡು ಅರಳೆ; ಅದರ ಮೇಲೆ ಎರಡಾಣೆ ಎಂಬುದು ಲೆಕ್ಕಕ್ಕೂ ಬಾರದ ಹಣ. ಆ ಹಣವನ್ನು ಕೂಡಿಸಿ ಹತ್ತಿಯ ಸಂಶೋಧನೆಗೇ ಮುಡಿಪಾಗಿಟ್ಟರು. ಅದರ ಆಡಳಿತ ಭಾರತ ಕೇಂದ್ರ ಹತ್ತಿ ಸಮಿತಿಯದು. 1924ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ನೂಲಿನ ಪ್ರಯೋಗಶಾಲೆ ನಿಂತಿತು. ಇಂದೂರಿನಲ್ಲಿ ಸಸ್ಯ ಸಂಶೋಧನೆಯ ಸಂಸ್ಥೆ ನಿಂತಿತು. ಹೊಸದಾಗಿ ಪದವಿ ಪಡೆದ ಹುಡುಗರಿಗೆ ಶಿಷ್ಯವೇತನ ಕೊಟ್ಟು ತಳಿ ಶಾಸ್ತ್ರ ಕಲಿಸಿದರು. ಸಮಿತಿಯಲ್ಲಿ ಕುಳಿತವರು ಅಧಿಕಾರಿಗಳು, ಗಿರಣಿ ಮಾಲಕರು, ವ್ಯಾಪಾರಿಗಳು, ಬೆಳೆಗಾರರ ಪ್ರತಿನಿಧಿಗಳು. ಕೊರತೆಗಳು ಅನೇಕವಿದ್ದವು, ಪರರ ಆಳಿಕೆಯೂ ಇತ್ತು. ಆದರೂ ಹಣ ಈ ನೆಲದ ಹತ್ತಿಯಿಂದ ಹುಟ್ಟಿ ಈ ನೆಲದ ಹುಡುಗರ ತಲೆಗೆ ವಿದ್ಯೆಯಾಗಿ ಸೇರಿತು. ಆ ಸಮಿತಿ 1966ರ ವರೆಗೆ ಇತ್ತು. ಬಳಿಕ ಅದರ ಕೆಲಸ ಕೇಂದ್ರದ ಕೃಷಿ ಸಂಶೋಧನ ಪರಿಷತ್ತಿಗೆ ಸೇರಿತು.

ಗದಗ ಸೀಮೆಯವರಿಗೆ ಈ ಪದ್ಧತಿ ಹೊಸದೇನಲ್ಲ. 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದವರು ಮಾಡಿದ್ದೂ ಇದನ್ನೇ. ಒಬ್ಬೊಬ್ಬನ ಕೈಯಲ್ಲಿದ್ದಾಗ ಚಿಲ್ಲರೆಯಾಗಿದ್ದುದು ಒಂದು ಕಡೆ ಕೂಡಿದಾಗ ಬಂಡವಾಳವಾಯಿತು. ಹತ್ತಿಯ ಬೇಲಿನ ಎರಡಾಣೆಯೂ ಹಾಗೆಯೇ ಕೂಡಿ ಪ್ರಯೋಗಶಾಲೆಯಾಯಿತು.

ಅದರ ಫಲವನ್ನು ಮೂರನೆಯ ಕತೆಯಲ್ಲಿ ನೋಡಬಹುದು. ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಅವರಂಥ ತಳಿ ತಜ್ಞರು ಹೊಲದಿಂದ ಹೊಲಕ್ಕೆ ತಿರುಗಿ, ಗಿಡದಿಂದ ಗಿಡ ಆರಿಸಿ ಕೆಲಸ ಮಾಡಿದರು. ಹಳೆಯ ಧಾರವಾಡ-ಅಮೇರಿಕನ್ ಹತ್ತಿಯಿಂದಲೇ ಆರಿಸಿದ ಒಂದು ತಳಿಗೆ ಗದಗ-1 ಎಂದು ನಮ್ಮ ಊರಿನ ಹೆಸರು ಬಂತು. ಅದನ್ನು ಕಾಂಬೋಡಿಯಾ ಮೂಲದ, ಕೊಯಮತ್ತೂರಿನಲ್ಲಿ ಆರಿಸಿದ ತಳಿಯೊಡನೆ ಕೂಡಿಸಿದಾಗ ಲಕ್ಷ್ಮಿ ಹತ್ತಿ ಹುಟ್ಟಿತು. ಕಾಂಬೋಡಿಯಾ ಎಲ್ಲಿ, ಕೊಯಮತ್ತೂರು ಎಲ್ಲಿ, ಗದಗ ಎಲ್ಲಿ! ಆ ಮೇಲೆ 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಾತರಕಿ ಅವರು ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು, ದಕ್ಷಿಣ ಅಮೇರಿಕ ಮೂಲದ ನೀಳ ಎಳೆಯ ಬಾರ್ಬಡೆನ್ಸ್ ಜಾತಿಯ ಹತ್ತಿಯೊಡನೆ ಕೂಡಿಸಿ ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತನ ಹೊಲಕ್ಕೆ ಮುಟ್ಟಿಸಿದ್ದು ಅದೇ ಮೊದಲು. 1981ರಲ್ಲಿ ಅಲ್ಲಿಂದಲೇ ಡಿ.ಸಿ.ಎಚ್. 32, ಅಂದರೆ ಜಯಲಕ್ಷ್ಮಿ ಬಂತು.

ಗಿರಣಿಯ ನೂಲು ಖಾತೆಯಲ್ಲಿ ದುಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜವಾರಿ ಹತ್ತಿಯಿಂದ ಒರಟು ನೂಲಷ್ಟೇ ಬರುತ್ತದೆ. 60ನೇ ನಂಬರಿನ ಮೇಲಿನ ಸಣ್ಣ ನೂಲಿಗೆ ನಮ್ಮ ಗಿರಣಿಗಳು ಈಜಿಪ್ತ, ಸುಡಾನಗಳ ಹತ್ತಿಯ ದಾರಿ ಕಾಯಬೇಕಾಗಿತ್ತು. ವರಲಕ್ಷ್ಮಿ ಬಂದ ಮೇಲೆ ಅಂಥ ಹತ್ತಿ ನಮ್ಮ ಅಡತಿ ಅಂಗಡಿಗಳ ಮುಂದೆಯೇ ಚಕ್ಕಡಿಯಿಂದ ಇಳಿಯತೊಡಗಿತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಸಂಕರ ಬೀಜ ಯಂತ್ರದಲ್ಲಿ ಆಗುವುದಿಲ್ಲ. ಒಂದೊಂದು ಹೂವಿನ ಕೇಸರವನ್ನು ಕೈಯಿಂದ ಬಿಡಿಸಿ, ಮರುದಿನ ಮುಂಜಾನೆ ಇನ್ನೊಂದು ಹೂವಿನ ಪರಾಗ ಮುಟ್ಟಿಸಬೇಕು. ಆ ಕೆಲಸ ಮಾಡಿದವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು. ವಿಜ್ಞಾನದ ಚರಿತ್ರೆ ಬರೆಯುವವರು ಅವರ ಕೂಲಿಯ ಲೆಕ್ಕವನ್ನೂ ಬರೆಯಬೇಕು.

ಈ ಯಶಸ್ಸು ಒಬ್ಬರ ಜಾಣತನದಿಂದಷ್ಟೇ ಬಂದದ್ದಲ್ಲ. ಧಾರವಾಡದಲ್ಲಿ 1947ರಲ್ಲಿ ಕೃಷಿ ಕಾಲೇಜು ತೆರೆದಿತ್ತು. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅಮೇರಿಕದ ಟೆನೆಸಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಇಲ್ಲಿಗೆ ಬಂದರು, ನಮ್ಮ ಅಧ್ಯಾಪಕರು ಅಲ್ಲಿಗೆ ಹೋಗಿ ಕಲಿತು ಬಂದರು. ಧಾರವಾಡದ ಕಾಲೇಜೂ ಆ ವಿಶ್ವವಿದ್ಯಾಲಯಕ್ಕೆ ಸೇರಿತು. 1986ರಲ್ಲಿ ಅದೇ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಹೋದವರಿಗೆ ತಿರುಗಿ ಬರಲು ಇಲ್ಲಿ ಹುದ್ದೆ ಇತ್ತು, ಹೊಲ ಇತ್ತು, ತಿಂಗಳ ಪಗಾರ ಇತ್ತು. ಅವರು ಕಂಡುಹಿಡಿದದ್ದು ಸರಕಾರದ ಬೀಜವಾಗಿ ಎಲ್ಲರ ಕೈಗೆ ಬಂತು. ಪರದೇಶದಿಂದ ಕಲಿಯುವುದೆಂದರೆ ಹೀಗಿರಬೇಕು.

ನಾಲ್ಕನೆಯ ಸಲ ಬಂದದ್ದು ನಮ್ಮ ಕಣ್ಣ ಮುಂದೆಯೇ. 2002ರಲ್ಲಿ ಬಿಟಿ ಹತ್ತಿಗೆ ಸರಕಾರ ಅನುಮತಿ ಕೊಟ್ಟಿತು. ಕಾಯಿಕೊರಕ ಹುಳವನ್ನು ಕೊಲ್ಲುವ ಗುಣ ಗಿಡದೊಳಗೇ ಇರುವಂತೆ ಮಾಡಿದ ವಿದ್ಯೆ ಅದು. ವಿದ್ಯೆ ಒಳ್ಳೆಯದೇ. ಆದರೆ ಅದರ ಒಡೆತನ ಆಗ ಅಮೇರಿಕದ ಮೊನ್ಸಾಂಟೊ ಕಂಪನಿಯದಾಗಿತ್ತು. 450 ಗ್ರಾಮಿನ ಒಂದು ಪೊಟ್ಟಣಕ್ಕೆ ರೈತ 1,600 ರೂಪಾಯಿಯ ಮೇಲೆ ಕೊಡಬೇಕಾಯಿತು. ಅದರಲ್ಲಿ ಸುಮಾರು 1,250 ರೂಪಾಯಿ ಬರಿಯ ಆ ಗುಣದ ಬಾಡಿಗೆ. ನಾಲ್ಕು ಪೊಟ್ಟಣ ಒಯ್ದವನು 5,000 ರೂಪಾಯಿ ಬಾಡಿಗೆ ತೆತ್ತ ಹಾಗಾಯಿತು. 2006ರಲ್ಲಿ ಆಂಧ್ರ ಸರಕಾರ ದೂರು ಕೊಟ್ಟು ಜಗಳಾಡಿದ ಮೇಲೆ ಪೊಟ್ಟಣ 750ಕ್ಕೆ ಇಳಿಯಿತು. 2016ರಲ್ಲಿ ಕೇಂದ್ರ ಸರಕಾರ ಆ ಬಾಡಿಗೆಯನ್ನು 49 ರೂಪಾಯಿಗೆ ಗೊತ್ತುಮಾಡಿತು, 2018ರಲ್ಲಿ 39ಕ್ಕೆ ಇಳಿಸಿತು, 2020ರಲ್ಲಿ ತೆಗೆದೇ ಹಾಕಿತು. 1,250 ಎಲ್ಲಿ, 39 ಎಲ್ಲಿ? ನಡುವಿನ ಅಂತರವೆಲ್ಲ ವಿದ್ಯೆ ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಾವು ಕೊಟ್ಟ ದಂಡ. ರೈತ ಕೊಟ್ಟ ದಂಡ ರೈತನಲ್ಲಿಯೇ ನಿಲ್ಲುವುದಿಲ್ಲ. ಅವನ ಕೈ ಬರಿದಾದ ವರ್ಷ ಬಟ್ಟೆ ಅಂಗಡಿಯ ಉದರಿ ವಸೂಲಾಗುವುದಿಲ್ಲ, ಜಿನ್ನಿನಲ್ಲಿ ಪಾಳಿ ಕಡಿಮೆಯಾಗುತ್ತವೆ.

ನಮ್ಮ ಸರಕಾರಿ ಸಂಸ್ಥೆಗಳು ಸುಮ್ಮನೆ ಕುಳಿತಿದ್ದವೆಂದಲ್ಲ. ಧಾರವಾಡದ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರ ಹತ್ತಿ ಸಂಶೋಧನ ಸಂಸ್ಥೆ ಕೂಡಿ ಬಿಕಾನೇರಿ ನರ್ಮಾ ಎಂಬ ತಳಿಯಲ್ಲಿ ಸ್ವದೇಶಿ ಬಿಟಿ ಮಾಡಿದೆವೆಂದು ಹೇಳಿದವು. ಅದರ ಬೀಜವನ್ನು ರೈತ ಮನೆಯಲ್ಲಿಯೇ ಇಟ್ಟುಕೊಂಡು ಮರುವರ್ಷ ಬಿತ್ತಬಹುದಾಗಿತ್ತು. 2008ರಲ್ಲಿ ಅನುಮತಿ ಸಿಕ್ಕಿತು, 2009ರಲ್ಲಿ ಬೀಜ ಹೊಲಕ್ಕೆ ಬಂತು. ಅಷ್ಟರಲ್ಲಿ ಅದರೊಳಗೆ ಮೊನ್ಸಾಂಟೊ ಕಂಪನಿಯ ಜೀನೇ ಇದೆಯೆಂಬುದು ಬಯಲಾಗಿ ಬೀಜವನ್ನು ಹಿಂದೆ ತೆಗೆದುಕೊಂಡರು. ಸೋಪೋರಿ ಸಮಿತಿ ವಿಚಾರಣೆ ನಡೆಸಿ 2012ರಲ್ಲಿ ವರದಿ ಕೊಟ್ಟಿತು. ನಮ್ಮವರ ತಪ್ಪೆಂದು ಇದನ್ನು ಮುಚ್ಚಿಡಬೇಕಾಗಿಲ್ಲ. ಸಾರ್ವಜನಿಕ ಸಂಸ್ಥೆ ಎಂದ ಮಾತ್ರಕ್ಕೆ ಕೆಲಸ ಶುದ್ಧವಾಗಿರುತ್ತದೆಂದು ನಂಬಿ ಕೂಡ್ರಬಾರದು. ಆದರೆ ಇದರಿಂದ ಕಲಿಯುವ ಪಾಠವೇನು? ಒಂದು ಬಾವಿಯಲ್ಲಿ ನೀರು ಕೆಟ್ಟರೆ ಬಾವಿಯ ಹೂಳು ತೆಗೆಯಬೇಕು. ಬಾವಿ ಮುಚ್ಚಿ ಸಾಹುಕಾರನ ಮನೆಯ ನೀರಿಗೆ ಕೊಡ ಹಿಡಿದು ನಿಲ್ಲುವುದಲ್ಲ. ಪಕ್ವವಾದ ತರಬೇತಿ, ಬೇರೆ ಪ್ರಯೋಗಶಾಲೆಗಳಿಂದ ಮರುಪರೀಕ್ಷೆ, ಲೋಕದ ತಜ್ಞರೊಡನೆ ದಿನದ ಸಂಪರ್ಕ ಇವೆಲ್ಲ ಇದ್ದಲ್ಲಿ ಇಂಥ ತಪ್ಪು ಹೊಲಕ್ಕೆ ಬರುವ ಮುಂಚೆಯೇ ಸಿಕ್ಕಿಬೀಳುತ್ತದೆ.

ಇಂದಿನ ಕಷ್ಟವನ್ನೇ ನೋಡಿರಿ. ಗುಲಾಬಿ ಕಾಯಿಕೊರಕಕ್ಕೆ ಬಿಟಿಯ ವಿಷ ತಟ್ಟದಂತಾಗಿದೆ. ಗುಜರಾತಿನಲ್ಲಿ ಹೀಗಾಗಿದೆಯೆಂದು 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮುಂದೆ ಬಂದ ಎರಡು ಜೀನಿನ ಹತ್ತಿಗೂ ಅದೇ ಗತಿಯಾಯಿತು. ಅದೇ ಹುಳ ಅಮೇರಿಕದಲ್ಲಿಯೂ ಇತ್ತು. ಅಲ್ಲಿಯ ಸರಕಾರ, ಬೆಳೆಗಾರರು, ನೆರೆಯ ಮೆಕ್ಸಿಕೊ ದೇಶ ಒಟ್ಟುಗೂಡಿದರು. ಬಿಟಿ ಹತ್ತಿಯ ಜೊತೆಗೆ ಹೆಣ್ಣು ಹುಳದ ವಾಸನೆಯಿಂದ ಗಂಡು ಹುಳವನ್ನು ದಿಕ್ಕು ತಪ್ಪಿಸಿದರು, ಬಂಜೆ ಮಾಡಿದ ಪತಂಗಗಳನ್ನು ಹೊಲಗಳ ಮೇಲೆ ಬಿಟ್ಟರು. 2018ರ ಅಕ್ಟೋಬರದಲ್ಲಿ ತಮ್ಮ ಹತ್ತಿ ಸೀಮೆಯಲ್ಲೆಲ್ಲ ಈ ಹುಳ ನಿರ್ಮೂಲವಾಯಿತೆಂದು ಅಲ್ಲಿಯ ಸರಕಾರ ಸಾರಿತು. ಅಲ್ಲಿ ಹೊಲಗಳು ನೂರಾರು ಎಕರೆಯವು. ನಮ್ಮವು ಎರಡು ಮೂರು ಎಕರೆಯವು. ಅಲ್ಲಿಯ ಉಪಾಯವನ್ನು ಹಾಗೆಯೇ ತಂದು ಇಲ್ಲಿ ಹಚ್ಚಿದರೆ ನಡೆಯದು. ಅದಕ್ಕಾಗಿಯೇ ನಮ್ಮ ಹುಡುಗ ಹುಡುಗಿಯರು ಅಲ್ಲಿಗೆ ಹೋಗಿ ನೋಡಿ ಕಲಿತು ಬಂದು, ಶಿರಹಟ್ಟಿ ಮುಂಡರಗಿಯ ಹೊಲಕ್ಕೆ ತಕ್ಕಂತೆ ಅದನ್ನು ತಿದ್ದಬೇಕು. ಈ ಕೆಲಸವನ್ನು ಬೀಜ ಮಾರುವ ಕಂಪನಿ ನಮ್ಮ ಪರವಾಗಿ ಮಾಡುವುದಿಲ್ಲ. ಹುಳ ಸತ್ತೇ ಹೋದರೆ ಅದಕ್ಕೆ ಮಾರಲು ಏನು ಉಳಿದೀತು?

ಇನ್ನು ಸರಕಾರದ ಕೈ ನೋಡೋಣ. 2020-21ರಲ್ಲಿ ದೇಶದ ಒಟ್ಟು ಉತ್ಪನ್ನದ ನೂರು ರೂಪಾಯಿಯಲ್ಲಿ ಸಂಶೋಧನೆಗೆ ಹೋದದ್ದು 64 ಪೈಸೆ. ಅದೇ ಹೊತ್ತಿನಲ್ಲಿ ಚೀನವು 2 ರೂಪಾಯಿ 40 ಪೈಸೆ, ದಕ್ಷಿಣ ಕೊರಿಯಾ 4 ರೂಪಾಯಿ 80 ಪೈಸೆ ವೆಚ್ಚ ಮಾಡಿದವು. ನಮ್ಮ 64 ಪೈಸೆಯಲ್ಲಿಯೂ ಖಾಸಗಿ ಉದ್ದಿಮೆಗಳ ಪಾಲು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಕಾಯದೆ ಮಾಡಿ ಐದು ವರ್ಷದಲ್ಲಿ 50,000 ಕೋಟಿ ಎಂದು ಸಾರಿದರು. ಬಿಡಿಸಿ ನೋಡಿದರೆ ಅದರಲ್ಲಿ 36,000 ಕೋಟಿ ಸರಕಾರದ ಹೊರಗಿನಿಂದ ಬರಬೇಕಾದದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. 2025ರ ಜುಲೈಯಲ್ಲಿ ಖಾಸಗಿ ವಲಯದ ಸಂಶೋಧನೆಗೆ ಕಡಿಮೆ ಬಡ್ಡಿಗೆ, ಇಲ್ಲವೆ ಬಡ್ಡಿಯೇ ಇಲ್ಲದೆ, ಸಾಲ ಒದಗಿಸಲು ಒಂದು ಲಕ್ಷ ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟರು. ಸಣ್ಣ ವ್ಯಾಪಾರಿ ಬ್ಯಾಂಕಿನ ಬಾಗಿಲಲ್ಲಿ ನಿಂತಾಗ ಇಂಥ ಬಡ್ಡಿ ಯಾವಾಗಲಾದರೂ ಕೇಳಿದ್ದುಂಟೇ?

ಇತ್ತ ದುಡಿಯುವ ಎಳೆಯ ಸಂಶೋಧಕರ ಸ್ಥಿತಿ ಏನು? ಶಾಲೆಯ ಕೊನೆಯ ವರ್ಷಗಳಲ್ಲಿರುವ ಜಾಣ ಮಕ್ಕಳನ್ನು ಪರೀಕ್ಷಿಸಿ ಆರಿಸಿ, ವಿಜ್ಞಾನ ಓದಲು ಶಿಷ್ಯವೇತನ ಕೊಡುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಆರಂಭವಾಗಿತ್ತು. ಅದನ್ನು ನಡೆಸುತ್ತಿದ್ದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 2022ರಲ್ಲಿ ಅದನ್ನು ನಿಲ್ಲಿಸಿ ಇನ್‌ಸ್ಪೈರ್ ಎಂಬ ಇನ್ನೊಂದು ಯೋಜನೆಯಲ್ಲಿ ಕರಗಿಸಿದರು. ಆ ಇನ್‌ಸ್ಪೈರ್ ಶಿಷ್ಯವೇತನ ತಿಂಗಳುಗಟ್ಟಲೆ ಕೈಗೆ ಬಂದಿಲ್ಲವೆಂದು 2025ರಲ್ಲಿ ದೇಶದ ಅನೇಕ ಕಡೆ ಸಂಶೋಧಕರು ಗೋಳಿಟ್ಟರು. ಕಿರಿಯ ಸಂಶೋಧಕರ ವೇತನ 2019ರಲ್ಲಿ 25,000ದಿಂದ 31,000 ಆದದ್ದು, 2023ರ ಜನವರಿಯಿಂದ 37,000 ಆದದ್ದು ಮೇಲಿನವರ ಉದಾರತೆಯಿಂದಲ್ಲ. 2019ರ ಏರಿಕೆಗಾಗಿ ಆ ಹುಡುಗರು ಪ್ರಯೋಗಶಾಲೆ ಬಿಟ್ಟು ಬೀದಿಗಿಳಿಯಬೇಕಾಯಿತು. ಬಟವಡೆ ತಪ್ಪಿದ ಗಿರಣಿ ಕಾಮಗಾರನಿಗೂ ವೇತನ ತಪ್ಪಿದ ಸಂಶೋಧಕನಿಗೂ ನಡುವೆ ಭೇದವೇನಿದೆ? ಇಬ್ಬರ ಮನೆಯಲ್ಲಿಯೂ ಕಿರಾಣಿ ಅಂಗಡಿಯ ಖಾತೆ ಬೆಳೆಯುತ್ತದೆ.

ಅಡರಕಟ್ಟಿಯಂಥ ಊರಿನಲ್ಲಿ ಈ ಮಾತು ತೆಗೆದರೆ ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ: "ಓದಿಸಿ ಪರದೇಶಕ್ಕೆ ಕಳಿಸಿದ ಹುಡುಗ ತಿರುಗಿ ಊರಿಗೆ ಬರತಾನೇನ್ರಿ ಮಾಸ್ತರ?" ನ್ಯಾಯವಾದ ಮಾತು. ಹೋದವರಲ್ಲಿ ಅನೇಕರು ಬರುವುದಿಲ್ಲ. ಆದರೆ ಏಕೆ ಬರುವುದಿಲ್ಲ ಎಂದು ಕೇಳಿ ನೋಡಿರಿ. ಕಾಯಂ ಹುದ್ದೆ ಖಾಲಿ ಇಟ್ಟು ವರ್ಷವರ್ಷಕ್ಕೆ ಕರಾರಿನ ಮೇಲೆ ದುಡಿಸಿಕೊಳ್ಳುವ ಕಡೆಗೆ ಯಾರು ಬಂದಾರು? 1960ರ ದಶಕದಲ್ಲಿ ಹೋದ ಅಧ್ಯಾಪಕರು ತಿರುಗಿ ಬಂದದ್ದು ಅವರ ಕುರ್ಚಿ ಇಲ್ಲಿ ಅವರಿಗಾಗಿ ಕಾದಿತ್ತೆಂಬುದರಿಂದ. ಗೂಟವಿಲ್ಲದ ಕೊಟ್ಟಿಗೆಗೆ ಎತ್ತು ತಿರುಗಿ ಬರುವುದಿಲ್ಲ.

ಇನ್ನು ಕೆಲವರು ನಮ್ಮ ಬಳಗದಲ್ಲಿಯೇ ಇದ್ದಾರೆ. ಶಾಲೆಯ ಮಾಡು ಸೋರುತ್ತಿರುವಾಗ, ದವಾಖಾನೆಯಲ್ಲಿ ಔಷಧ ಇಲ್ಲದಿರುವಾಗ ಪರದೇಶದ ಪ್ರಯಾಣವೆಂಥದು ಎನ್ನುತ್ತಾರೆ. ಶಾಲೆಯಲ್ಲಿ ಕಲಿಸಿ ಬಂದ ನನಗೆ ಸೋರುವ ಮಾಡಿನ ಕಷ್ಟ ಗೊತ್ತಿದೆ. ಆದರೆ ಶಾಲೆಗೆ ಬರುವ ಹಣವನ್ನು ಸಂಶೋಧಕ ತಿನ್ನುತ್ತಿದ್ದಾನೆಂಬುದು ಸುಳ್ಳು ಲೆಕ್ಕ. ಒಂದು ಲಕ್ಷ ಕೋಟಿಯನ್ನು ಖಾಸಗಿಯವರಿಗೆ ಹಗುರ ಸಾಲವಾಗಿ ಹೊರಡಿಸಬಲ್ಲ ಬೊಕ್ಕಸಕ್ಕೆ ಮಾಡೂ ಹೊದಿಸಬಹುದು, ಶಿಷ್ಯವೇತನವೂ ಕೊಡಬಹುದು. ಹಸಿದ ಇಬ್ಬರನ್ನು ಒಂದು ರೊಟ್ಟಿಗೆ ಜಗಳ ಹಚ್ಚುವುದು ಉಗ್ರಾಣದ ಕೀಲಿ ಇಟ್ಟುಕೊಂಡವನಿಗೆ ಅನುಕೂಲ.

ಆದ್ದರಿಂದ ನಾವು ಕೇಳಬೇಕಾದದ್ದು ಸ್ಪಷ್ಟವಾಗಿರಲಿ. ಸಂಶೋಧಕರ ವೇತನ ತಿಂಗಳ ಮೊದಲ ವಾರದಲ್ಲಿ ಕೈ ಸೇರಬೇಕು. ತಡವಾದರೆ ಯಾರಿಂದ ತಡವಾಯಿತೆಂದು ಜವಾಬು ಹೇಳಬೇಕು. ಪರದೇಶಕ್ಕೆ ಕಳಿಸುವ ಸಂಖ್ಯೆ ಹೆಚ್ಚಬೇಕು, ಅದರಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹಳ್ಳಿಯ ಮಕ್ಕಳಿಗೆ, ದುಡಿಯುವವರ ಮಕ್ಕಳಿಗೆ ತಕ್ಕ ಪಾಲಿರಬೇಕು. ಹೋಗುವ ಮುಂಚೆಯೇ ತಿರುಗಿ ಬಂದು ಸೇರುವ ಕಾಯಂ ಹುದ್ದೆ ಗೊತ್ತಾಗಿರಬೇಕು. ಹುದ್ದೆ ಕೊಟ್ಟ ಮೇಲೆ ಇಂತಿಷ್ಟು ವರ್ಷ ಇಲ್ಲಿ ದುಡಿಯಬೇಕೆಂಬ ಕರಾರೂ ಇರಲಿ. ಬೇರೆ ದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದ ಸಮಸಮನಾಗಿರಬೇಕು. 1987ರಲ್ಲಿ ಫ್ರಾನ್ಸಿನೊಡನೆ ಕೂಡಿ ಕಟ್ಟಿದ ಸಂಶೋಧನ ಕೇಂದ್ರಕ್ಕೆ ಎರಡೂ ಸರಕಾರಗಳು ಸರಿಪಾಲು ಹಣ ಹಾಕುವ ಪದ್ಧತಿ ಇಟ್ಟರು. ದಾನ ಬೇಡುವುದಕ್ಕಿಂತ ಅದು ಮಾನದ ದಾರಿ. ಎಲ್ಲಕ್ಕಿಂತ ದೊಡ್ಡದು ಕೊನೆಯದು. ಜನರ ಹಣದಿಂದ ಹುಟ್ಟಿದ ಬೀಜ, ಔಷಧ, ಯಂತ್ರ ಜನರದಾಗಿಯೇ ಉಳಿಯಬೇಕು. ಅವುಗಳಿಗೆ ಕಂಪನಿಯ ಬೀಗ ಬೀಳಬಾರದು. ಅವುಗಳ ವಿವರ ಕನ್ನಡದಲ್ಲಿ ಅಚ್ಚಾಗಿ ರೈತ ಸಂಪರ್ಕ ಕೇಂದ್ರಕ್ಕೂ ಗಿರಣಿಯ ಗೇಟಿಗೂ ಮುಟ್ಟಬೇಕು.

ಗಿರಣಿಯ ಸಂಘದ ಸಭೆಯಲ್ಲಿ ಬೋನಸ್ಸು, ತುಟ್ಟಿಭತ್ಯೆಯ ಠರಾವಿನ ಸಂಗಡ ಈ ಠರಾವೂ ಬರಲಿ. ವ್ಯಾಪಾರಸ್ಥರ ಸಂಘದವರು ಸಂಸತ್ ಸದಸ್ಯರಿಗೆ ಮನವಿ ಬರೆಯುವಾಗ ತೆರಿಗೆಯ ದೂರಿನ ಕೆಳಗೆ ಇದಕ್ಕೂ ನಾಲ್ಕು ಸಾಲು ಇರಲಿ. ಧಾರವಾಡದ ಹತ್ತಿ ಹೊಲಗಳಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಗುಲಾಬಿ ಕಾಯಿಕೊರಕದ ಮೇಲೆ ಕೆಲಸ ಮಾಡುವವರೆಷ್ಟು, ಅವರಲ್ಲಿ ಹೊರಗೆ ಹೋಗಿ ಕಲಿತು ಬಂದವರೆಷ್ಟು, ಅವರ ವೇತನ ಎಷ್ಟು ತಿಂಗಳಿಂದ ಬಾಕಿ ಎಂಬ ನಾಲ್ಕು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹತ್ತು ರೂಪಾಯಿ ಕೊಟ್ಟು ಯಾರು ಬೇಕಾದರೂ ಕೇಳಬಹುದು. ಅರ್ಜಿ ಬರೆಯಲು ಬಾರದವರು ಕಚೇರಿಗೆ ಬರಲಿ, ಕೂಡಿ ಬರೆಯೋಣ. ಉತ್ತರ ಬಂದ ದಿನ ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕೋಣ.